“ಹತ್ತಲಾ?” ಎಂದು ಕೇಳಿ

ಭಾರದ ಕ್ರೂಸರ್ ಬೈಕು ಮನೆಗೆ ಬಂದು ಎಂಟು ದಿನವಾಗಿತ್ತು. ಲಿಫ್ಟ್ ಮೆಕ್ಯಾನಿಕ್‌ಗೆ ಅದನ್ನು ಕಂಡರೆ ಭಯ. ಈ ಮಾತನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಹೇಗೆ ಬಾಯಿಬಿಡುತ್ತಾನೆ ಹೇಳಿ? ಹದಿನಾಲ್ಕು ಮಹಡಿ ಎತ್ತರದಲ್ಲಿ ಲಿಫ್ಟಿನ ತಲೆಯ ಮೇಲೆ ನಿಂತು ಕೆಲಸ ಮಾಡುವ ಗಂಡಸು. ಸ್ಪ್ಯಾನರ್ ಚೀಲ ನೇತುಹಾಕಿಕೊಂಡು ಇಪ್ಪತ್ತೆರಡು ವರ್ಷ ಸಣ್ಣ ಬೈಕಿನಲ್ಲಿ ಊರೆಲ್ಲ ಸುತ್ತಿದವನು. ಒಂದು ಸಲವೂ ಬಿದ್ದವನಲ್ಲ. ಶೋರೂಮಿನವನು “ಸರ್, ನಿಧಾನಕ್ಕೆ ಓಡಿಸಿ ನೋಡಿ, ಯೂ ಟರ್ನ್ ಮಾಡಿ, ಇಳಿದು ಕೈಯಲ್ಲಿ ತಳ್ಳಿ ನೋಡಿ” ಎಂದಾಗ ಇವನು ನಕ್ಕಿದ್ದ.

“ನಂಗೆ ಬೈಕ್ ಹೇಳ್ಕೊಡ್ತೀಯೇನಪ್ಪಾ?”

ನೇರ ರಸ್ತೆಯಲ್ಲಿ ಒಂದು ಸಲ ಹೋಗಿ ಬಂದು, ಇದೇ ಇರಲಿ ಎಂದುಬಿಟ್ಟ. ಓಡುವಾಗ ಅದು ಬೆಣ್ಣೆಯಂತೆ ಹೋಗಿತ್ತು. ಅದರ ಭಾರ ಗೊತ್ತಾಗುವುದು ನಿಂತಾಗ ಮತ್ತು ತಿರುಗುವಾಗ. ಅದು ಅವನಿಗೆ ತಿಳಿದದ್ದು ಮನೆಯ ಗೇಟಿನ ಮುಂದಿನ ಇಳಿಜಾರಿನಲ್ಲಿ. ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಅದುಮಿದ. ಬೈಕು ದಿಢೀರನೆ ವಾಲಿತು. ಹೇಗೋ ಗೋಡೆಗೆ ಒರಗಿಸಿ ಉಳಿಸಿಕೊಂಡ. ಮೊಣಕಾಲ ಕೆಳಗೆ ಅಂಗೈಯಗಲ ನೀಲಿಗಟ್ಟಿತು. ಅಂದಿನಿಂದ ಬಚ್ಚಲಮನೆಯ ಬಾಗಿಲು ಹಾಕಿಕೊಂಡೇ ಪ್ಯಾಂಟು ಬದಲಾಯಿಸುತ್ತಿದ್ದ.

ಅವನ ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆ ಯಂತ್ರ. ಎರಡೂ ಪಾದದಿಂದ ತುಳಿಯುವ ಹಳೆಯ ಯಂತ್ರ, ಅವಳಿಗೆ ಅದೇ ಇಷ್ಟ. ಭಾನುವಾರ ಹೊಸ ಬೈಕಿನಲ್ಲಿ ಅಕ್ಕನ ಮನೆಗೆ ಹೋಗಬೇಕೆಂದು ವಾರವಿಡೀ ಕುಣಿಯುತ್ತಿದ್ದಳು.

“ಟೈರಲ್ಲಿ ಗಾಳಿ ಕಮ್ಮಿ ಇದೆ ಅನ್ಸತ್ತೆ,” ಎಂದ ಅವನು ಭಾನುವಾರ ಬೆಳಿಗ್ಗೆ.

“ನಿನ್ನೆ ತಾನೇ ತುಂಬಿಸ್ಕೊಂಡು ಬಂದ್ರಲ್ಲ?”

“ಮೋಡ ಬೇರೆ ಆಗಿದೆ.”

“ಎಲ್ರೀ ಮೋಡ? ಹೊಸ ಹೆಲ್ಮೆಟ್ ಹಾಕ್ಕೊಂಡು ಕೂತಿದೀನಿ, ನಡೀರಿ ಸುಮ್ನೆ!”

ಅವನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಬೈಕು ಸ್ಟಾರ್ಟ್ ಮಾಡಿ ಗೇಟು ದಾಟಿಸಿದ.

ಇಲ್ಲೊಂದು ವಿಷಯ ಹೇಳಬೇಕು. ಈ ಗಂಡಹೆಂಡಿರಿಗೆ ಒಂದು ರೂಢಿ ಇತ್ತು. ಅವನು ಗೇಟಿನ ಹೊರಗೆ ಬೈಕು ಪೂರ್ತಿ ನಿಲ್ಲಿಸುತ್ತಿರಲಿಲ್ಲ, ನಿಧಾನ ಮಾಡುತ್ತಿದ್ದ ಅಷ್ಟೆ. ಅವಳು ಅವನ ಭುಜ ಹಿಡಿದು ಟಣ್ಣನೆ ಹತ್ತಿ ಕೂರುತ್ತಿದ್ದಳು. ಬೀದಿಯವರೆಲ್ಲ ಸರ್ಕಸ್ ಜೋಡಿ ಎಂದು ರೇಗಿಸುತ್ತಿದ್ದರು. ಆವತ್ತೂ ಅವಳು ಹಾಗೆಯೇ ಹಾರಿದಳು.

ಅವಳ ಭಾರವೆಲ್ಲ ಎಡಗಡೆಯ ಫುಟ್‌ರೆಸ್ಟಿನ ಮೇಲೆ ಬಿತ್ತು. ಬೈಕು ಎಡಕ್ಕೆ ವಾಲಿತು. ಅವನು ಎಡಗಾಲು ಊರಿ ತಡೆಯಲು ನೋಡಿದ. ಮೊಣಕಾಲು ಚಳಕ್ ಎಂದಿತು. ಇನ್ನೂರ ನಲವತ್ತು ಕಿಲೋ ಕಬ್ಬಿಣ ಅವನ ಮಾತು ಕೇಳಲಿಲ್ಲ. ಬೆನ್ನ ಹಿಂದೆ ಅವಳ ಕಿರುಚಾಟ, ಆಮೇಲೆ ಧಡಾರ್ ಎಂಬ ಸದ್ದು.

ನೆಲದ ಮೇಲಿಂದ ತಿರುಗಿ ನೋಡಿದವನಿಗೆ ಮೊದಲು ಕಂಡದ್ದು ಬೈಕಿನಡಿ ಸಿಕ್ಕಿಕೊಂಡ ಅವಳ ಚಪ್ಪಲಿ. ಅವಳ ಕಡೆ ನೋಡಲು ಧೈರ್ಯವಾಗಲಿಲ್ಲ.

“ಕಾಲು... ಕಾಲು ಇದೆಯೇನೇ?”

“ಇದೆ,” ಎಂದಳು ಅವಳು. ಹಿಂದಕ್ಕೆ ಉರುಳಿ ಬಿದ್ದಿದ್ದಳು. ಹೆಲ್ಮೆಟ್ ನೆಲಕ್ಕೆ ಬಡಿದಿತ್ತು, ತಲೆ ಉಳಿದಿತ್ತು. ಬರಿಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದು ಕೂತಿದ್ದಳು. ಒಂದು ಗೇಣಿನ ಅಂತರದಲ್ಲಿ ಪಾದ ತಪ್ಪಿಸಿಕೊಂಡಿತ್ತು.

ಎದುರುಮನೆಯ ಬಾಗಿಲು ತೆರೆಯಿತು. ಡ್ರೈವಿಂಗ್ ಶಾಲೆಯಲ್ಲಿ ಬೈಕು ಕಲಿಸುವ ಟೀಚರಮ್ಮ ಓಡಿ ಬಂದರು. ಕುಳ್ಳಗಿನ ಹೆಂಗಸು, ಬೈಕಿನ ಹ್ಯಾಂಡಲ್‌ಗಿಂತ ಒಂದಿಷ್ಟು ಮೇಲೆ ಅಷ್ಟೆ. ಮೊದಲು ಇಂಜಿನ್ ಆಫ್ ಮಾಡಿದರು. ಇಬ್ಬರ ಕಾಲನ್ನೂ ನೋಡಿದರು. ಅವನು ಎದ್ದು ಹ್ಯಾಂಡಲ್‌ಗೆ ಕೈಹಾಕಿದ.

“ನಿಲ್ಲಿ! ಹಾಗೆ ಬಗ್ಗಿ ಎತ್ತಿದ್ರೆ ಸೊಂಟ ಹೋಗತ್ತೆ,” ಎಂದು ಗದರಿದರು. “ಆ ಕಡೆ ಹೋಗಿ, ಎತ್ತಿದ ಬೈಕು ಅತ್ತ ಬೀಳದ ಹಾಗೆ ನೋಡ್ಕೊಳ್ಳಿ.”

ಉರುಳದಂತೆ ಗೇರಿನಲ್ಲಿಟ್ಟು, ಹ್ಯಾಂಡಲನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದರು. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದರು. ಬೆನ್ನು ನೆಟ್ಟಗಿಟ್ಟು ಕಾಲಬಲದಿಂದ ಪುಟ್ಟಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ಒತ್ತಿದರು. ಬೈಕು ಎದ್ದು ನಿಂತಿತು. ಅವನ ಮುಖ ಹುಳ್ಳಗಾಯಿತು.

“ಇಪ್ಪತ್ತೆರಡು ವರ್ಷ ಓಡಿಸಿದೀನಿ ಟೀಚರಮ್ಮ. ಹೀಗಾಗಿರ್ಲಿಲ್ಲ.”

“ಅದೇ ತೊಂದ್ರೆ. ನಿಮ್ಮ ಕಾಲಿಗೆ ಹಳೇ ಬೈಕು ಅಭ್ಯಾಸ ಆಗಿದೆ. ಅದು ವಾಲಿದ್ರೆ ಕಾಲಲ್ಲಿ ತಡೀಬಹುದಿತ್ತು. ನಿಮ್ಮ ಕೆಲಸದಲ್ಲಿ ಸ್ಪ್ಯಾನರ್ ಕೈ ಜಾರಿದ್ರೆ ಏನ್ಮಾಡ್ತೀರಿ?”

“ಹಿಡಿಯೋಕೆ ಹೋಗಲ್ಲ. ಕೂಗ್ತೀವಿ, ಸರೀತೀವಿ. ಹಿಡಿಯೋಕೆ ಹೋದವನು ಅದರ ಜೊತೆಗೇ ಹೋಗ್ತಾನೆ.”

“ಮತ್ತೆ ಇದನ್ನ್ಯಾಕೆ ಹಿಡಿಯೋಕೆ ಹೋದ್ರಿ?”

ಅವನು ಪ್ಯಾಂಟು ಮೇಲೆತ್ತಿ ನೀಲಿಗಟ್ಟಿದ್ದ ಜಾಗವನ್ನು ತೋರಿಸಿಬಿಟ್ಟ. “ನಂಗೆ ಇದನ್ನ ಕಂಡ್ರೆ ಭಯ,” ಎಂದ. ಹೆಂಡತಿ ಕಣ್ಣೊರೆಸಿಕೊಂಡಳು.

“ಇದನ್ನ ಮೊದಲೇ ಹೇಳಿದ್ರೆ ನಾನು ಹಾರ್ತಿದ್ನೇನ್ರೀ? ಈ ಕಾಲು ಹೋಗಿದ್ರೆ ನಾನು ಮಿಷಿನ್ ಹೇಗೆ ತುಳೀಬೇಕಿತ್ತು?”

“ಭಯ ಒಳ್ಳೇದೇ,” ಎಂದರು ಟೀಚರಮ್ಮ. “ಮುಚ್ಚಿಟ್ಟಿದ್ದು ತಪ್ಪು. ಮೊಣಕಾಲು ಮೊದಲು ಡಾಕ್ಟರಿಗೆ ತೋರ್ಸಿ. ವಾಸಿಯಾದ್ಮೇಲೆ ಮೈದಾನಕ್ಕೆ ಒಬ್ರೇ ಬನ್ನಿ.”

ಅವನು ಹೋದ. ಡ್ರೈವಿಂಗ್ ಶಾಲೆಯ ಖಾಲಿ ಮೈದಾನದಲ್ಲಿ, ಹದಿನೆಂಟರ ಹುಡುಗಿಯರ ಸಾಲಿನ ಕೊನೆಯಲ್ಲಿ ನಿಂತು ಅಆಇಈಯಿಂದ ಕಲಿತ. ನಿಧಾನಕ್ಕೆ ತಿರುಗುವಾಗ ಮುಂದಿನ ಬ್ರೇಕ್ ಮುಟ್ಟಬಾರದು, ಕ್ಲಚ್ ಅರ್ಧ ಹಿಡಿದು ಹಿಂದಿನ ಬ್ರೇಕನ್ನು ಮೆಲ್ಲಗೆ ತುಳಿಯಬೇಕು. ಕಣ್ಣು ನೆಲದ ಕಡೆಗಲ್ಲ, ಹೋಗಬೇಕಾದ ಕಡೆಗೆ. ಮೊದಲ ಭಾನುವಾರ ತಿರುವಿನಲ್ಲೆಲ್ಲ ಹೆದರಿ ಕಾಲು ಊರಿದ. ನಾಲ್ಕನೆಯ ಭಾನುವಾರವೂ ಭಯ ಹೋಗಿರಲಿಲ್ಲ, ಆದರೆ ಬೈಕು ತಿರುಗಿತು.

ಐದನೆಯ ಭಾನುವಾರ ಗೇಟಿನ ಹೊರಗೆ ಸಮತಟ್ಟಾದ ಕಡೆ ಬೈಕು ಪೂರ್ತಿ ನಿಂತಿತು. ಅವಳು ಗಟ್ಟಿ ಬೂಟು ಹಾಕಿಕೊಂಡು ಪಕ್ಕದಲ್ಲಿ ನಿಂತಳು.

“ಹತ್ತಲಾ?”

ಅವನು ಹ್ಯಾಂಡಲ್ ನೆಟ್ಟಗೆ ಮಾಡಿದ. ಎರಡೂ ಪಾದ ಪೂರ್ತಿ ನೆಲಕ್ಕೂರಿದ. ಬ್ರೇಕ್ ಹಿಡಿದ.

“ಹತ್ತು.”

ಸಂಜೆ ಅಕ್ಕನ ಮನೆಯಿಂದ ಹೊರಟಾಗ ಅಲ್ಲಿನ ದಾರಿ ಕಡಿದಾಗಿತ್ತು, ಜಲ್ಲಿ ಬೇರೆ ಚೆಲ್ಲಿತ್ತು. ಅಕ್ಕ, ಭಾವ, ನೆರೆಯವರು ಹೊಸ ಬೈಕು ನೋಡಲು ಗೇಟಿನಲ್ಲಿ ಸಾಲಾಗಿ ನಿಂತಿದ್ದರು.

“ಹತ್ತಲಾ?” ಎಂದಳು ಅವಳು.

ಅವನು ಜಲ್ಲಿಯನ್ನು ನೋಡಿದ. ಅವಳ ಪಾದವನ್ನು ನೋಡಿದ. ಅಷ್ಟು ಜನರ ಮುಂದೆ, ಎಲ್ಲರಿಗೂ ಕೇಳುವಂತೆ ಹೇಳಿದ:

“ಬೇಡ. ನಂಗೆ ಭಯ ಆಗತ್ತೆ. ಕೆಳಗಿನವರೆಗೆ ನಡೆದು ಬಾ.”

ಭಾವ ನಕ್ಕ. ಅವಳು ಹೆಲ್ಮೆಟ್ ಹಾಕಿಕೊಂಡೇ ಇಳಿಜಾರು ಇಳಿದು ನಡೆದಳು, ಎರಡೂ ಕಾಲಲ್ಲಿ.

ಎಷ್ಟೋ ವರ್ಷದಿಂದ ಬೈಕು ಓಡಿಸುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಭಾರದ ಬೈಕು ಕೊಳ್ಳುವ ಮುಂಚೆ ಅದರ ಮೇಲೆ ಕೂತು ಎರಡೂ ಪಾದ ನೆಲಕ್ಕೆ ಊರುತ್ತವೆಯೇ ನೋಡಿ. ಕೈಯಲ್ಲಿ ತಳ್ಳಿ, ನಿಧಾನಕ್ಕೆ ತಿರುಗಿಸಿ ನೋಡಿ. ಖಾಲಿ ಜಾಗದಲ್ಲಿ ಒಬ್ಬರೇ ಹೊಸದಾಗಿ ಕಲಿಯಿರಿ. ವಾಲಿ ಕೈಮೀರಿದ ಬೈಕನ್ನು ಬಿಟ್ಟು ಸರಿಯಿರಿ, ಅದನ್ನು ರಿಪೇರಿ ಮಾಡಿಸಬಹುದು. ಹಿಂದೆ ಕೂರುವವರೇ, ಕೇಳದೆ ಹತ್ತಬೇಡಿ. ಮತ್ತು ಭಯವಾದರೆ, ನಿಮ್ಮನ್ನು ನಂಬಿ ಹಿಂದೆ ಕೂರುವವರಿಗೆ ಮೊದಲು ಹೇಳಿ.