ಗೆರೆ ನೆಲ ಮುಟ್ಟುವ ದಿನ

ನಾನೊಂದು ಗ್ರಾಫ್ ಬೋರ್ಡು. ಹುಟ್ಟಿದ್ದು ಕುಂದಾಪುರದ ಆಚೆ, ಬೋಟುಗಳಿಗೆ ಹೆಸರು ಬರೆಯುವ ರೆಬೆಲ್ಲೊ ಪೇಂಟರನ ಶೆಡ್ಡಿನಲ್ಲಿ. ಯಾವುದೋ ಬೋಟಿನ ಕ್ಯಾಬಿನ್‌ಗೆ ತಂದು ಉಳಿದ ಪ್ಲೈವುಡ್ಡು ನಾನು. ಅವನು ನನಗೆ ಹಸಿರು ಬಳಿದು ಮೈತುಂಬ ಬಿಳಿ ಚೌಕ ಹೊಡೆದ. ಆಮೇಲೆ ದಪ್ಪ ಹಳದಿಯಲ್ಲಿ ಎರಡೇ ಗೆರೆ ಎಳೆದ, ಒಂದು ನಿಂತದ್ದು, ಒಂದು ಮಲಗಿದ್ದು. ಅವೆರಡೂ ಕೂಡುವ ಮೂಲೆಯಲ್ಲಿ ಸೊನ್ನೆ ಬರೆದು, "ಇಷ್ಟೊಂದ್ ಕಷ್ಟಪಟ್ಟ್ ಕಡೆಗೆ ಬರೆದದ್ದ್ ಸೊನ್ನೆ" ಎಂದು ತಾನೇ ನಕ್ಕ.

ನನ್ನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದವರು ಕಡಲ ದಂಡೆಯ ಹೈಸ್ಕೂಲಿನ ಗಣಿತದ ಹೆಬ್ಬಾರ್ ಮಾಸ್ತರರು. ಪಾಠ ಶುರುವಾಗುವ ಮೊದಲು ನನ್ನನ್ನು ಒದ್ದೆ ಬಟ್ಟೆಯಲ್ಲಿ ಅವರೇ ಒರೆಸುತ್ತಿದ್ದರು. ಹುಡುಗರಿಗೆ ಬಿಟ್ಟರೆ ಮೂಲೆಯಲ್ಲಿ ನಿನ್ನೆಯ ಲೆಕ್ಕ ಉಳಿಯುತ್ತದೆಂದು ಅವರ ದೂರು. ಹಾಗಾಗಿ ನನ್ನ ಮೈಮೇಲೆ ಯಾವುದೂ ಎರಡು ದಿನ ಬಾಳಿದ್ದಿಲ್ಲ.

ಒಂಬತ್ತನೇ ಕ್ಲಾಸಿಗೆ ಸರಳರೇಖೆಯ ಪಾಠ ಬಂತು. "ಪುಸ್ತಕದಲ್ಲಿ ಅಂತಃಛೇದ ಅಂತ ಇತ್ತ್. ಹೆದರ್ಬೇಡಿ, ಗೆರೆ ಹೋಗಿ ಮುಟ್ಟುವ ಜಾಗ ಅಷ್ಟೇ. ನಿಂತ ಗೆರೆಯನ್ನ್ ಮುಟ್ಟಿದ್ದಲ್ಲಿ ಸುರು, ಮಲಗಿದ್ದನ್ನ್ ಮುಟ್ಟಿದ್ದಲ್ಲಿ ಮುಗೀತ್. ನಾಳೆ ಒಬ್ಬೊಬ್ರೂ ಮನೆಯಿಂದ ಒಂದ್ ಗೆರೆ ತನ್ನಿ" ಎಂದರು ಮಾಸ್ತರರು.

ಮರುದಿನ ನನ್ನ ಮೇಲೆ ಜಾತ್ರೆಯೋ ಜಾತ್ರೆ. ಒಬ್ಬ ಕರೆಂಟು ಹೋದಾಗ ಉರಿಸಿದ ಮೇಣದ ಬತ್ತಿಯನ್ನು ತಂದ: ನಿಂತ ಗೆರೆಯ ಮೇಲೆ ಹೊಸ ಬತ್ತಿಯ ಉದ್ದ, ಮಲಗಿದ ಗೆರೆಯಲ್ಲಿ ಕತ್ತಲೆ. ಇನ್ನೊಬ್ಬ ಅಜ್ಜಿಯ ತಲೆಯೆಣ್ಣೆಯ ಬಾಟಲಿ ತಂದ. ಅದರ ಗೆರೆ ಮಲಗಿದ್ದನ್ನು ಮುಟ್ಟುವ ದಿನ ಮನೆಯಲ್ಲಿ ಮಹಾಯುದ್ಧವೆಂದು ಹೇಳಿ ಎಲ್ಲರನ್ನೂ ನಗಿಸಿದ.

ಕೊನೆಗೆ ಸುಗಂಧಿ ಬಂದಳು. ಅವಳ ಅಪ್ಪ ಶೀನ ಮೊಗವೀರ ಆಳಕಡಲಿನ ಬೋಟಿನಲ್ಲಿ ದುಡಿಯುವವನು. ಮೀನು ಕೆಡದಂತೆ ಬೋಟಿನ ಹೊಟ್ಟೆಯಲ್ಲಿ ಐಸ್ ತುಂಬಿಕೊಂಡು ಹೋಗುತ್ತಾರೆ. ಐಸ್ ಮುಗಿದರೆ ದಡಕ್ಕೆ ಬರಲೇಬೇಕು. ಅವಳು ನಿಂತ ಗೆರೆಯ ಮೇಲೆ ನಲವತ್ತು ಐಸ್ ಗಡ್ಡೆಯಲ್ಲಿ ಚಾಕ್ ಊರಿದಳು. ದಿನಕ್ಕೆ ನಾಲ್ಕರಂತೆ ಇಳಿಯುತ್ತಾ ಬಂದು ಹತ್ತನೇ ದಿನ, ಗುರುವಾರ, ನೆಲ ಮುಟ್ಟಿಸಿದಳು.

"ಆ ಜಾಗದಲ್ಲಿ ಎಂತ ಇತ್ತ್ ಹೇಳ್ ಕಾಂಬ?" ಮಾಸ್ತರರು ಕೇಳಿದರು.

"ಅಪ್ಪಯ್ಯ ಇದ್ರ್."

ಕ್ಲಾಸೆಲ್ಲ ಗೊಳ್ಳೆಂದಿತು. ಮಾಸ್ತರರು ನಗಲಿಲ್ಲ, ಅವರಿಗೆ ವಿಷಯ ಗೊತ್ತಿತ್ತು. ಘಟ್ಟದ ಮೇಲಿನ ವಸತಿ ಶಾಲೆಯಲ್ಲಿ ಸುಗಂಧಿಗೆ ಸೀಟು ಸಿಕ್ಕಿತ್ತು. ಯಾರೋ ಬಿಟ್ಟುಹೋದ ಜಾಗ, ಶನಿವಾರ ಹೊತ್ತು ಮುಳುಗುವುದರೊಳಗೆ ಹೋಗಿ ಸೇರಬೇಕು. ಸೀಟು ಸಿಕ್ಕಿದ ಸುದ್ದಿ ಬರುವಾಗ ಬೋಟು ಹೊರಟುಹೋಗಿತ್ತು, ಅಪ್ಪನಿಗೆ ಗೊತ್ತೇ ಇಲ್ಲ. ಹೊರಡುವ ಮೊದಲು ಒಮ್ಮೆ ಅವನ ಮುಖ ನೋಡಬೇಕು, ಅಷ್ಟೇ ಅವಳ ಆಸೆ. ಅಂದು ಮಾಸ್ತರರು ನನ್ನನ್ನು ಒರೆಸಲಿಲ್ಲ. ಹುಟ್ಟಿದಂದಿನಿಂದ ಮೊದಲ ಸಲ ಒಂದು ಗೆರೆ ನನ್ನ ಮೈಮೇಲೆ ರಾತ್ರಿ ಕಳೆಯಿತು, ನನಗೆ ಅದೇ ದೊಡ್ಡ ಸಂಭ್ರಮ.

ಗುರುವಾರ ಬೋಟು ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸುಗಂಧಿ ಬಂದಾಗ ಕಣ್ಣು ಊದಿತ್ತು. ರೇಷನ್ ಅಂಗಡಿಗೆ ಫೋನ್ ಬಂದಿತ್ತಂತೆ. ಬೋಟು ರತ್ನಾಗಿರಿಯಲ್ಲಿ ದಡ ಹತ್ತಿ, ಮೀನು ಅಲ್ಲೇ ಮಾರಿ, ಹೊಸ ಐಸ್ ತುಂಬಿಕೊಂಡು ಗುರುವಾರವೇ ಹೊರಟಿದೆ, ಬಲೆ ಹಾಕುತ್ತಾ ಊರ ಕಡೆ ಬರುತ್ತಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಗೆರೆ ಸಮ ಇತ್ತಲ್ದಾ ಮಾಷ್ಟ್ರೆ? ನಾನ್ ತಪ್ಪ್ ಎಳಿಲಿಲ್ಲೆ."

"ಸಮ ಇತ್ತ್ ಹೆಣೆ. ಅದ್ ಐಸಿನ ಗೆರೆ. ಐಸ್ ಮುಗಿತ್ ಅಂತ ಹೇಳ್ತ್, ಹೌದು, ಮುಗಿತ್. ಅಪ್ಪಯ್ಯ ಬತ್ರ್ ಅಂತ ಹೇಳಿದ್ದ್ ನೀನ್."

ಅವಳು ಐಸಿನ ಗೆರೆಯನ್ನು ಒರೆಸಿದಳು. ಆಮೇಲೆ ಯಾರೂ ಹೇಳದೆ ಹೊಸ ಗೆರೆ ಶುರುಮಾಡಿದಳು. ಈ ಸಲ ನಿಂತ ಗೆರೆಯಲ್ಲಿ ಗಡ್ಡೆಗಳಲ್ಲ, ಮನೆಗೆ ಉಳಿದ ದೂರ. ರತ್ನಾಗಿರಿಯಿಂದ ಸುಮಾರು ನಾನೂರು ಕಿಲೋಮೀಟರು. ಬಲೆ ಎಳೆಯುತ್ತಾ ಬಂದರೆ ದಿನಕ್ಕೆ ನೂರು. ಚಾಕ್ ಇಳಿಯಿತು, ಇಳಿಯಿತು, ಸೋಮವಾರ ನೆಲ ಮುಟ್ಟಿತು. ಅವಳ ಬೆರಳು ಹಿಂದಕ್ಕೆ ಸರಿದು ಶನಿವಾರದ ಮೇಲೆ ನಿಂತಿತು. ಅಲ್ಲಿ ಗೆರೆ ಇನ್ನೂ ಅರ್ಧ ಎತ್ತರದಲ್ಲಿತ್ತು.

ನನಗೆ ಕೈಯಿದ್ದಿದ್ದರೆ ಆ ಗೆರೆಯನ್ನು ಹಿಡಿದು ಕೆಳಗೆ ಜಗ್ಗುತ್ತಿದ್ದೆ, ಲೆಕ್ಕ ಹಾಳಾದರೂ ಸೈ. ಶನಿವಾರ ಬೆಳಗಿನ ಬಸ್ಸಿಗೆ ತಾಯಿ ಗಿರಿಜ ಮಗಳನ್ನು ಕರೆದುಕೊಂಡು ಹೋದಳು.

ಸೋಮವಾರ ಮಧ್ಯಾಹ್ನ ಕ್ಲಾಸಿನ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಲುಂಗಿಯ ಅಂಚಿನಲ್ಲಿ ಉಪ್ಪು, ಕೈಯಲ್ಲಿ ರತ್ನಾಗಿರಿಯಲ್ಲಿ ಕೊಂಡ ಕೆಂಪು ರಿಬ್ಬನ್ನಿನ ಸುರುಳಿ. ಮನೆಗೆ ಹೋಗಿ ವಿಷಯ ತಿಳಿದು ಬಂದಿದ್ದ. ಮಾಸ್ತರರು ಅವನನ್ನು ನನ್ನ ಮುಂದೆ ನಿಲ್ಲಿಸಿ, ಮಗಳು ಎಳೆದ, ತಾವು ಒರೆಸದೆ ಉಳಿಸಿದ್ದ ಗೆರೆ ತೋರಿಸಿದರು. ನಾನೂರರಿಂದ ಹಿಡಿದು ತಾನು ಬಂದ ದಾರಿಯಲ್ಲೇ ಶೀನ ಬೆರಳು ಓಡಿಸಿದ. ತುದಿಯಲ್ಲಿ ಒತ್ತಿ ನಿಂತ. ಬೆರಳು ತೆಗೆದಾಗ ಗೆರೆ ನೆಲ ಮುಟ್ಟಿದ ಜಾಗವೇ ಅಳಿಸಿಹೋಗಿತ್ತು. ಪಾಪ, ಕಳ್ಳನಂತೆ ಬೆದರಿದ.

"ಅಡ್ಡಿಲ್ಲೆ, ಮತ್ತೆ ಎಳಿಲಕ್ಕ್" ಎಂದರು ಮಾಸ್ತರರು.

"ಇದ್ರಗೆ ಅವ್ಳ್ ಎಲ್ಲಿದ್ಲ್?"

ಮಾಸ್ತರರು ಶನಿವಾರದಿಂದ ಮೇಲಕ್ಕೆ ಇನ್ನೊಂದು ಗೆರೆ ಏರಿಸಿದರು. ಮಗಳು ಮನೆಯಿಂದ ದೂರ ಹೋದ ಗೆರೆ. ಇಳಿಯುವ ಗೆರೆ, ಏರುವ ಗೆರೆ, ಒಂದನ್ನೊಂದು ಅಡ್ಡ ಹಾಯ್ದವು. ಒಬ್ಬ ಕಡಲಿನಲ್ಲಿ, ಒಬ್ಬಳು ಘಟ್ಟದಲ್ಲಿ. ಹಾಯ್ದರೂ ಮುಖ ನೋಡಿದ್ದಿಲ್ಲ.

"ಇದ್ ಕೆಳಗ್ ಬಪ್ಪುದ್ ಯಾವತ್ತ್?"

"ಏಪ್ರಿಲಿನ ರಜೆಗೆ."

ಶೀನ ರಿಬ್ಬನ್ನಿನ ಸುರುಳಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಏಪ್ರಿಲಲ್ಲಿ ನಾನ್ ಕಡಲ್ ಮೇಲೆ ಮಾಷ್ಟ್ರೆ. ಆಗ ಮೀನ್ ಮಾರುದೂ ಐಸ್ ತುಂಬುದೂ ರತ್ನಾಗಿರಿಯಲ್ಲೇ, ಊರಿಗ್ ಬಪ್ಪುದಿಲ್ಲೆ. ಬೋಟ್ ದಡಕ್ಕ್ ಕಟ್ಟುದ್ ಮಳೆಗಾಲ. ಅಷ್ಟೊತ್ತಿಗೆ ಅವ್ಳಿಗೆ ಶಾಲೆ ಸುರು."

ಅವನು ಹೋದ ಮೇಲೆ ಮಾಸ್ತರರು ನನ್ನ ಮಲಗಿದ ಗೆರೆಯ ಮೇಲೆ ಇಡೀ ವರ್ಷದ ತಿಂಗಳು ಗುರುತಿಸಿ, ಅಪ್ಪನದೊಂದು ಗೆರೆ, ಮಗಳದೊಂದು ಗೆರೆ ಎಳೆದು ನೋಡಿದರು. ಅವನದು ನೆಲಕ್ಕೆ ಬಂದಾಗ ಇವಳದು ಮೇಲೆ, ಇವಳದು ಬಂದಾಗ ಅವನದು ಮೇಲೆ. ಬೆಲ್ ಹೊಡೆದರೂ ಅವರು ಅಲ್ಲೇ ನಿಂತಿದ್ದರು.

ಈಗ ಮಾಸ್ತರರಿಲ್ಲ. ಹೊಸ ಟೀಚರು ಗೋಡೆಯ ಮೇಲೆ ಬೆಳಕಿನಲ್ಲೇ ಗೆರೆ ಮೂಡಿಸುತ್ತಾರೆ. ನನ್ನನ್ನು ಸ್ಟೋರ್ ರೂಮಿನಲ್ಲಿ ಬ್ಯಾಂಡ್ ಸೆಟ್ಟಿನ ಹಿಂದೆ ಗೋಡೆಗೆ ಒರಗಿಸಿದ್ದಾರೆ. ಹೊಟ್ಟೆಕಿಚ್ಚಿಲ್ಲವೆಂದರೆ ಸುಳ್ಳಾದೀತು. ಸಾವಿರಾರು ಗೆರೆಗಳು ನನ್ನ ಮೇಲೆ ಹುಟ್ಟಿದವು, ನೆಲ ಮುಟ್ಟಿದವು, ಅಳಿಸಿಹೋದವು. ಆ ಅಪ್ಪ ಮಗಳ ಗೆರೆಗಳ ಹಾಗೆ ಬೇರೆ ಯಾವುದರ ನೆನಪೂ ನನ್ನನ್ನು ಕಾಡುವುದಿಲ್ಲ. ಬಾಗಿಲು ಕಿರ್ರೆಂದಾಗಲೆಲ್ಲ ಯಾರೋ ಚಾಕ್ ಹಿಡಿದು ಬಂದರೇನೋ ಎಂದು ಕಾಯುತ್ತೇನೆ. ಬಂದವರು ಬೇರೆ ಯಾವ ಲೆಕ್ಕವನ್ನೂ ಮಾಡುವುದು ಬೇಡ, ಅಪ್ಪನೂ ಮಗಳೂ ಒಂದೇ ದಿನ ಮನೆಯಲ್ಲಿರುವ ಹಾಗೆ ಎರಡು ಗೆರೆ ಎಳೆದುಬಿಡಲಿ.