ಸಕ್ಕರೆ ಮಾತ್ರೆ

ದೋಣಿಗಲ್ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಚನ್ನಬಸವಯ್ಯನಿಗೆ ತಾನೂ ಒಬ್ಬ ದೊಡ್ಡ ಮನುಷ್ಯ ಅನ್ನಿಸಿದ್ದು ಲಾಕ್‌ಡೌನಿನಲ್ಲಿ. ಬಸ್ಸಿಲ್ಲ, ರಸ್ತೆ ತುಂಬ ಪೊಲೀಸರು, ಲೈನ್ ಮನೆಯ ಆಳುಗಳು ಗೇಟು ದಾಟಬೇಕಾದರೆ ಇವನ ಚೀಟಿ ಬೇಕು. ಹಾಗಂತ ಕೆಟ್ಟವನೇನಲ್ಲ. ತಾನೇ ಬೈಕಿನಲ್ಲಿ ಸಕಲೇಶಪುರಕ್ಕೆ ಹೋಗಿ ಎಲ್ಲರಿಗೂ ಅಕ್ಕಿ, ಬೇಳೆ, ಎಲೆಯಡಿಕೆ ತಂದುಕೊಡುತ್ತಿದ್ದ. ಮಾಡಿದ ಉಪಕಾರವನ್ನು ನಾಲ್ಕು ಜನಕ್ಕೆ ಹೇಳುವ ಚಟ ಒಂದಿತ್ತು, ಅಷ್ಟೆ.

ಏಪ್ರಿಲ್ ಮೊದಲ ವಾರ ನೇತ್ರಾವತಿ ಸ್ಟೋರಿನ ಬಾಗಿಲಿಗೆ ಬಂದಳು. ಗಂಡ ತೀರಿಕೊಂಡ ಮೇಲೆ ಲೈನಿನಲ್ಲಿ ಒಬ್ಬಳೇ ಇದ್ದವಳು.

"ರೈಟ್ರೇ, ಹಾಸನಕ್ಕೆ ಹೋಗಕ್ಕೊಂದು ಚೀಟಿ ಬರ್ಕೊಡಿ. ದೊಡ್ಡಾಸ್ಪತ್ರೆ ಮಾತ್ರೆ ಮುಗೀತಾ ಐತೆ."

"ಯಾವ ಮಾತ್ರೆ?"

ಒಳಗೆ ಇಬ್ಬರು ಹೆಂಗಸರು ಚೀಲ ಹೊಲಿಯುತ್ತಿದ್ದರು. ನೇತ್ರಾವತಿ ಅವರ ಕಡೆ ನೋಡಿ, "ಸಕ್ಕರೆ ಕಾಯ್ಲೆದು" ಅಂದಳು.

"ಅಯ್ಯೋ ಮಾರಾಯ್ತಿ, ಅದ್ಕೆ ಹಾಸನ ಯಾಕೆ? ನಾನೇ ತಂದ್ಕೊಡ್ತೀನಿ, ಸುಮ್ನಿರು."

ಮಾರನೇ ದಿನವೇ ಮೆಡಿಕಲ್ಲಿನವನನ್ನು ಕಾಡಿ ಬೇಡಿ ಮಾತ್ರೆ ತಂದ. ಅವಳು ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಮುಖ ಬಾಡಿತ್ತು, ಇವನು ಸಂಕೋಚ ಅಂದುಕೊಂಡ. ಮುಂದಿನೆರಡು ತಿಂಗಳು ಕೇಳದೆಯೇ ತಂದುಕೊಟ್ಟ. ಚೀಟಿ ಮಾತ್ರ ಬರೆಯಲಿಲ್ಲ.

ಆ ಕಡೆಗೆ ಬಸ್ಸು ಶುರುವಾಗುವ ಹೊತ್ತಿಗೆ ನೇತ್ರಾವತಿಗೆ ಏಳಲೂ ಆಗುತ್ತಿರಲಿಲ್ಲ. ಕೆಮ್ಮು, ಬಿಡದ ಜ್ವರ. ಆಂಬುಲೆನ್ಸ್ ಕರೆಸಿದವನೂ ಚನ್ನಬಸವಯ್ಯನೇ. ವಾರ ಬಿಟ್ಟು ಬ್ರೆಡ್ಡು ಹಿಡಿದುಕೊಂಡು ಹಾಸನಕ್ಕೆ ನೋಡಲು ಹೋದ. ಅವಳು ತಲೆದಿಂಬಿನ ಕೆಳಗಿಂದ ಒಂದು ಬಟ್ಟೆ ಚೀಲ ತೆಗೆದು ಅವನ ಕೈಗಿಟ್ಟಳು. ಅವನು ತಂದುಕೊಟ್ಟ ಮಾತ್ರೆಗಳೇ. ಒಂದೂ ಬಿಚ್ಚಿರಲಿಲ್ಲ.

"ನಂಗೆ ಸಕ್ಕರೆ ಇಲ್ಲ ರೈಟ್ರೇ. ಎಚ್‌ಐವಿ. ಗಂಡನಿಂದ ಬಂದಿದ್ದು. ಮೂರು ತಿಂಗ್ಳು ಮಾತ್ರೆ ತಪ್ಪೋಯ್ತು, ಈಗ ಟಿಬಿ ಹತ್ಕೊಂಡೈತೆ."

"ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ?"

"ಆಸ್ಪತ್ರೆಯೋರು ಫೋನ್ ಮಾಡಿದ್ರು, ಎಸ್ಟೇಟಿಗೇ ತಂದ್ಕೊಡ್ತೀವಿ ಅಂದ್ರು. ಗೇಟಲ್ಲಿ ನೀವಿರ್ತೀರಲ್ಲ, ಬ್ಯಾಡ ಅಂದ್ಬುಟ್ಟೆ." ಸ್ವಲ್ಪ ಹೊತ್ತು ಕೆಮ್ಮಿದಳು. "ಕರಿಯಪ್ಪನ ಲೋಟ ಹೂತೋಳು ನಾನೇ ಅಲ್ವಾ?"

ಚನ್ನಬಸವಯ್ಯ ಅದನ್ನು ಮರೆತೇಬಿಟ್ಟಿದ್ದ. ಸ್ಟೋರಿನ ಹಲಗೆಯ ಮೇಲೆ ಪ್ರತಿಯೊಬ್ಬ ಆಳಿಗೂ ಒಂದೊಂದು ಟೀ ಲೋಟ. ಎಂಟು ವರ್ಷದ ಹಿಂದೆ ಕರಿಯಪ್ಪನಿಗೆ ಇದೇ ಕಾಯಿಲೆ ಅಂತ ಗೊತ್ತಾದಾಗ, ಅವನ ಲೋಟವನ್ನು ಕಡ್ಡಿಯಲ್ಲಿ ಎತ್ತಿ ಹೂತು ಬಾ ಎಂದು ಎಲ್ಲರೆದುರು ನೇತ್ರಾವತಿಗೆ ಹೇಳಿದವನು ಇವನೇ. ಕರಿಯಪ್ಪ ಆ ವಾರವೇ ಎಸ್ಟೇಟ್ ಬಿಟ್ಟುಹೋದ. ಆಗಲೇ ಅವಳಿಗೂ ಕಾಯಿಲೆ ಇತ್ತು.

"ಸಕ್ಕರೆ ಇರೋರಿಗೆ ಯಾರಿಗಾದ್ರೂ ಕೊಡಿ, ಹಾಳ್ಮಾಡ್ಬ್ಯಾಡಿ" ಅಂದಳು. ಹೋದ ವರ್ಷದ ಪಾಪವಾಗಿದ್ದರೆ ಕ್ಷಮಿಸು ಅನ್ನಬಹುದಿತ್ತು. ಈ ಹೆದರಿಕೆಯನ್ನು ಅವಳು ಎಂಟು ವರ್ಷ ಹೊತ್ತಿದ್ದಳು. ಚೀಲ ಹಿಡಿದುಕೊಂಡು ಎದ್ದು ಬಂದ.

ಹದಿನೈದು ದಿನಕ್ಕೆ ನೇತ್ರಾವತಿ ತೀರಿಕೊಂಡಳು. ಚನ್ನಬಸವಯ್ಯ ಟಿಬಿ ಅಂತಷ್ಟೇ ಹೇಳಿದ, ಅದರ ಹಿಂದಿದ್ದ ಕಾಯಿಲೆಯ ಬಗ್ಗೆ ಯಾರಿಗೂ ಬಾಯಿಬಿಡಲಿಲ್ಲ. ಟೀ ಹೊತ್ತಿಗೆ ಸ್ಟೋರಿನಲ್ಲಿ ಒಬ್ಬಳು, "ಟಿಬಿ ಬಂದೋಳ ಲೋಟ, ಹೂತ್ಬುಡಾನಾ ರೈಟ್ರೇ?" ಅಂದಳು. ಅವನು ಎದ್ದು ಆ ಲೋಟ ತೊಳೆದ, ಅದರಲ್ಲೇ ಟೀ ಬಗ್ಗಿಸಿಕೊಂಡು ಕುಡಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎಲ್ಲರೂ ನೋಡುತ್ತಿದ್ದರು; ನೋಡಬೇಕಾಗಿದ್ದವಳು ಇರಲಿಲ್ಲ.