ಎಡೆಗಿಟ್ಟ ವಿಸ್ಕಿ

ಮುಚ್ಚಿದ ಬಾಗಿಲ ಸಂದಿಯಿಂದ ಧೂಪದ ಹೊಗೆ, ಅದರ ಬೆನ್ನಿಗೇ ಮಟನ್ ಸಾರಿನ ಬೆಳ್ಳುಳ್ಳಿ ವಾಸನೆ — ತೀರ್ಥೇಶನ ಹೊಟ್ಟೆ ಗುರ್ರೆಂದಿತು, ಸುಮ್ಮನಿರು ಮಾರಾಯ, ಅದು ನಿನಗಲ್ಲ, ಒಳಗೆ ಅಪ್ಪ ಉಣ್ಣುತ್ತಿದ್ದಾನೆ, ಅಪ್ಪ ಬೀರಪ್ಪ ಸತ್ತ ಮೇಲೆ ಬಂದ ಮೊದಲ ಹಿರಿಯರ ಹಬ್ಬ, ಎಡೆಯಿಟ್ಟು ಬಾಗಿಲು ಹಾಕಿ ಹಿರೇನಲ್ಲೂರಿನ ನೆಂಟರೆಲ್ಲ ಜಗಲಿಯಲ್ಲಿ ಕೈಕಟ್ಟಿ ನಿಂತಿದ್ದಾರೆ, ಭಕ್ತಿ ಎಷ್ಟು ಹಸಿವೆಷ್ಟು ಮುಖ ನೋಡಿ ಹೇಳಲಾಗದು. ಬಾಗಿಲು ತೆಗೆದ ಮೇಲೆ ಎಡೆಯ ಮುಂದಿನ ಲೋಟವನ್ನು ಹಿರಿಮಗನಾದ ಅವನೇ ಎತ್ತಿ ಕುಡಿಯಬೇಕು, ಆಮೇಲೇ ಎಲ್ಲರಿಗೂ ಊಟ. ಅಪ್ಪನದು ರಮ್ಮು, ಜೀವಮಾನವಿಡೀ ರಮ್ಮು, ಲೋಟದಲ್ಲಿ ಈಗ ಇರುವುದು ವಿಸ್ಕಿ, ತೀರ್ಥೇಶನೇ ಸುರಿದದ್ದು, ರಮ್ಮಿನ ಬಾಟಲಿ ಸೌದೆಯ ಹಿಂದೆ ಕೂತಿದೆ, ಸ್ಟೀಲ್ ಲೋಟದಲ್ಲಿ ಬಣ್ಣ ಯಾರಿಗೆ ಕಾಣುತ್ತದೆ — ಕಡೂರಿನ ಡಯಟಿಷಿಯನ್ ಮೇಡಂ ಅಂದಿದ್ದರು, ವಿಸ್ಕಿ ಜಿನ್ನು ನೀರು ಬೆರೆಸಿ ಸ್ವಲ್ಪ ಆದರೆ ಆಗಬಹುದು, ರಮ್ ಮಾತ್ರ ಮುಟ್ಟಬೇಡಿ. ಸೂಕ್ಷ್ಮ ಕರುಳಿನವರ ಪಥ್ಯ, ಲೋ ಫಾಡ್‌ಮ್ಯಾಪ್ ಅಂತೆ, ಹೆಸರು ಹೇಳುವಷ್ಟರಲ್ಲೇ ಹೊಟ್ಟೆ ಉಬ್ಬುತ್ತದೆ, ಈರುಳ್ಳಿ ಬಿಟ್ಟ, ಬೆಳ್ಳುಳ್ಳಿ ಬಿಟ್ಟ, ಗೋಧಿ ಬಿಟ್ಟ, ಏನಪ್ಪಾ ಸ್ವಾಮಿಯಾಗ್ತೀಯಾ ಅಂತ ಚಿಕ್ಕಪ್ಪ ಕಿಚಾಯಿಸಿದ. ನಗಲಿ. ಹೋದ ಸಲ ರಮ್ಮು ಕುಡಿದು ಬೀರೂರು ಬಸ್ಸಿನಲ್ಲಿ ಬಿದ್ದ ಪಾಡು ಅವನಿಗೇನು ಗೊತ್ತು, ಬಸ್ ನಿಲ್ಲಿಸಿ ಅಂತ ಡ್ರೈವರಿಗೆ ಕೈಮುಗಿದದ್ದು, ಹೊಲದ ಬದುವಿನ ಮರೆಯಲ್ಲಿ ಸತ್ತೇ ಹೋದೆ ಅನ್ನಿಸಿದ್ದು, ಭಯ ಆಗುತ್ತದೆ, ನಿಜವಾಗಿಯೂ ಭಯ. ಆದರೆ ಬಯಸಿದ್ದು ಸಿಗದೆ ಹೋದ ಹಿರಿಯರು ಬಾಯಾರಿಕೆಯಲ್ಲೇ ಅಲೆಯುತ್ತಾರೆ ಅನ್ನುವುದು ಅವ್ವನ ನಂಬಿಕೆ, ಬರೀ ನಂಬಿಕೆ, ಹೌದು — ಅಪ್ಪ ಬಾಗಿ ಲೋಟ ಮೂಸಿ ಮುಖ ತಿರುಗಿಸಿದರೆ?

ಬಾಗಿಲು ತೆರೆಯಿತು. ಅವ್ವ ಕರಿಯಮ್ಮ ಮೊದಲು ಒಳಗೆ ಹೋದಳು, ಕರ್ಪೂರ ಹಚ್ಚಲು ಬಗ್ಗಿದವಳು ಅಲ್ಲೇ ನಿಂತಳು, ಮೂಗು ಲೋಟದ ಹತ್ತಿರ, ಅಯ್ಯೋ ಇದನ್ನು ಹೇಗೆ ಮರೆತೆ, ಮದುವೆಯಾದಾಗಿನಿಂದ ಅಪ್ಪನ ರಮ್ಮಿನ ವಾಸನೆಗೆ ಬೆನ್ನು ಹಾಕಿ ಮಲಗಿದವಳು, ಅದನ್ನು ಶಪಿಸಿಕೊಂಡೇ ಬಾಳಿದವಳು, ಅವಳ ಮೂಗಿಗೆ ಮೋಸ ಮಾಡಲು ಹೊರಟೆನಲ್ಲ. ಇದು ನಿಮ್ಮಪ್ಪಂದಲ್ಲ ಕಣೋ, ಅಂದಳು. ಅಪ್ಪನೂ ಬಾಟಲಿ ಬಚ್ಚಿಡುತ್ತಿದ್ದದ್ದು ಅಲ್ಲೇ, ನೆಟ್ಟಗೆ ಸೌದೆಯ ಕಡೆಗೇ ಹೋದಳು, ಬಾಟಲಿ ತಂದಳು, ವಿಸ್ಕಿ ಚೆಲ್ಲಿ ರಮ್ಮು ಬಗ್ಗಿಸಿ ಅಪ್ಪನ ಫೋಟೋದ ಮುಂದೆ ಹಿಡಿದಳು, ತಗೋ ಅಂತ ನನಗೆ ಕೊಡುತ್ತಾಳೆ ಈಗ, ಕುಡಿದುಬಿಡು, ಏನಾದರಾಗಲಿ, ಕೈ ಚಾಚು — ಕೈ ಏಳಲಿಲ್ಲ. ನಿನ್ನ ಹೊಟ್ಟೆ ನನಗ್ಗೊತ್ತು, ಬಿಡು, ಅಂದಳು. ಹೆಂಗಸು ಎಡೆಯ ಲೋಟ ಎತ್ತಬಾರದು ಅತ್ತಿಗೇ ಅಂತ ಚಿಕ್ಕಪ್ಪ, ಅವಳು ಎತ್ತಿಯೇಬಿಟ್ಟಳು, ಅವಳ ಗಂಟಲಲ್ಲಿ ರಮ್ಮು ಇಳಿಯುತ್ತಿದೆ, ಕಸಿದುಕೊ, ಈಗಲಾದರೂ ಕಸಿದುಕೊ, ಲೋಟದ ಅಂಚಿನ ಮೇಲಿಂದ ಅವ್ವನ ಕಣ್ಣು, ತನ್ನನ್ನೇ ನೋಡುತ್ತಿರುವ ಕಣ್ಣು, ನೀರು ತುಂಬಿದರೂ ಮುಚ್ಚದೆ, ಲೋಟದ ಅಂಚು, ಅವ್ವನ ಕಣ್ಣು —